ಗೋಣಿ ತುಂಬಿದ ಹೊಗೆಗೂಡು

ಮದುವೆಯಾಗಿ ಮಾದಾಪುರದ ಹತ್ತಿರದ ಕಾಫಿ ತೋಟಕ್ಕೆ ಬಂದಾಗ ನನಗೆ ಸಿಕ್ಕಿದ್ದು ಒಬ್ಬ ಬಿಳಿಯ ಬಿಟ್ಟುಹೋದ ಮನೆ. ದೊರೆ ತೋಟವನ್ನು ಮಾರಿ ಹಡಗು ಹತ್ತಿದ ಮೇಲೆ, ಅದನ್ನು ಕೊಂಡ ಸಾಹುಕಾರರು ದೊಡ್ಡ ಬಂಗಲೆಯನ್ನು ತಾವಿಟ್ಟುಕೊಂಡು ದೊರೆಯ ಕೈಕೆಳಗಿದ್ದ ಚಿಕ್ಕ ದೊರೆಯ ಎರಡು ಕೋಣೆಯ ಮನೆಯನ್ನು ತೋಟದ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಯಜಮಾನರಿಗೆ ಕೊಟ್ಟಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಇನ್ನು ಮೇಲೆ ಎಲ್ಲದಕ್ಕೂ ಬೆಂಗಳೂರಿನ ಕಡೆ ನೋಡಬೇಕು ಎಂದು ಗಂಡಸರು ಗೊಣಗುತ್ತಿದ್ದರು. ನಾನು ಮಾತ್ರ ನನ್ನ ಗಾಜಿನ ಕಿಟಕಿಯ ಕಡೆ ನೋಡುತ್ತಿದ್ದೆ. ಕೊಡ್ಲಿಪೇಟೆಯ ನನ್ನ ಅಪ್ಪನ ಮನೆಯಲ್ಲಿ ಕಿಟಕಿಗೆ ಮರದ ಸರಳು ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲಿ ಮಲಗುವ ಕೋಣೆಗೆ ನನ್ನಷ್ಟೇ ಎತ್ತರದ ಗಾಜು. ಅದನ್ನು ಒರೆಸುವಾಗಲೆಲ್ಲ ನಾನೇ ದೊರೆಸಾನಿ ಎಂಬ ಜಂಬ ಬರುತ್ತಿತ್ತು.

ಆ ಕೋಣೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ಗೋಡೆಯೊಳಗೇ ಕಟ್ಟಿದ ಒಂದು ಒಲೆ, ಅದರ ಮೇಲೆ ಮನೆಯ ಮಾಡನ್ನು ತೂರಿಕೊಂಡು ಹೋಗುವ ಹೊಗೆಗೂಡು. ಅಡುಗೆಗಲ್ಲ, ಬರೀ ಮೈ ಕಾಯಿಸಿಕೊಳ್ಳುವುದಕ್ಕೆ! ನಾನು ಅದರಲ್ಲಿ ಉಪ್ಪಿನಕಾಯಿ ಭರಣಿ ಇಡುತ್ತಿದ್ದೆ. ಅತ್ತೆ ಮೊದಲ ಸಲ ಬಂದಾಗ ಅದರೊಳಗೆ ತಲೆ ತೂರಿಸಿ ಮೇಲೆ ನೋಡಿದರು. ಒಂದು ತುಂಡು ಆಕಾಶ ಕಂಡಿತು.

"ಕಾಸು ಕೊಟ್ಟು ಸೌದೆ ತಂದು, ಬಿಸೀನೆಲ್ಲ ಆಕಾಶಕ್ಕೆ ಕಳುಸ್ತಿದ್ರಾ? ಇವ್ರು ಹೆಂಗವ್ವ ನಮ್ಮನ್ನ ಆಳಿದ್ರು?" ಎಂದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ತೂತಿನ ಬೆಲೆ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ನನ್ನ ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಮಾತೇ ಬರಲಿಲ್ಲ. ಅತ್ತೆಯೇ ಬಂದು ನಿಂತರು. ಕೊಯ್ಲಿನ ಕಾಲ, ಧನುರ್ಮಾಸದ ಚಳಿ. ಮಧ್ಯಾಹ್ನದವರೆಗೂ ಮಂಜು ಗಿಡಗಳ ಮೇಲಿಂದ ಏಳುತ್ತಿರಲಿಲ್ಲ. ಹೆಣ್ಣು ಮಗು ಹುಟ್ಟಿತು. ಸೂಲಗಿತ್ತಿ ಮಗುವನ್ನು ಒರೆಸಿ ನನ್ನ ಪಕ್ಕಕ್ಕೆ ಇಡುವಷ್ಟರಲ್ಲಿ ಅತ್ತೆ ಸೆರಗು ಬಿಗಿದು ಕೋಣೆಯ ಕೆಲಸಕ್ಕೆ ನಿಂತಿದ್ದರು.

ಮೊದಲು ಬಿದ್ದದ್ದು ನನ್ನ ಕಿಟಕಿ. ಚೌಕಟ್ಟಿನ ಸಂದಿಗೆಲ್ಲ ಸಗಣಿ ಮೆತ್ತಿ, ಗಾಜಿನ ಮೇಲೆ ಕಂಬಳಿ ಇಳಿಬಿಟ್ಟರು. ನನ್ನ ದೊರೆಸಾನಿತನ ಅಲ್ಲಿಗೆ ಮುಗಿಯಿತು. ಬಾಗಿಲ ಹೊಸ್ತಿಲಿಗೆ ಹಳೆ ಸೀರೆ ಸುತ್ತಿ ತುರುಕಿದರು. ಮೇಲೆ ಚಿಕ್ಕ ದೊರೆ ಹೊಡೆಸಿದ್ದ ಹಲಗೆಯ ಮುಚ್ಚಿಗೆ ಇತ್ತು, ಅಲ್ಲಿಂದ ಒಂದು ಸೊಳ್ಳೆಯೂ ಬರುವಂತಿರಲಿಲ್ಲ. ಕೊನೆಗೆ ಉಳಿದದ್ದು ಗೋಡೆಯೊಲೆ. ಅತ್ತೆ ಕಾಫಿಯ ಖಾಲಿ ಗೋಣಿಗಳಿಗೆ ಹುಲ್ಲು ತುಂಬಿ, ಒಂದರ ಮೇಲೊಂದು ಹೊಗೆಗೂಡಿನೊಳಕ್ಕೆ ಗಿಡಿದು, ಬಿದಿರಿನ ಕೋಲಿನಿಂದ ತಿವಿದು ಕೂರಿಸಿದರು. ಇಷ್ಟೆಲ್ಲ ಆದ ಮೇಲೆ ಕೋಣೆಯ ನಡುವೆ ಅಗ್ಗಿಷ್ಟಿಕೆ ಬಂತು. ಅದರ ತುಂಬ ಕಾಫಿ ಬೊಡ್ಡೆಯ ಇದ್ದಿಲಿನ ಕೆಂಡ. ಕೆಂಡದ ಮೇಲೆ ಹೊತ್ತು ಹೊತ್ತಿಗೆ ಸಾಂಬ್ರಾಣಿ.

ಒಲೆಯಿದ್ದ ಕೋಣೆಯಲ್ಲಿ ಒಲೆಯ ಬಾಯಿ ಕಟ್ಟಿ, ಬೆಂಕಿಯನ್ನು ನೆಲದ ಮೇಲಿಟ್ಟುಕೊಂಡ ಜಾಣರು ನಾವು. ಈಗ ಬರೆಯುವಾಗ ನಗು ಬರುತ್ತದೆ. ಆಗ ಅದು ಅಕ್ಕರೆಯ ಕೆಲಸವಾಗಿತ್ತು. ನಮ್ಮ ಕಡೆ ಬಾಣಂತಿಯ ಕೋಣೆ ಬೆಚ್ಚಗಿರಬೇಕು, ಕತ್ತಲಿರಬೇಕು, ಗಾಳಿ ಸುಳಿಯಬಾರದು. ಸೊಸೆಯನ್ನು ಚಳಿಗೆ ಬಿಟ್ಟಳಂತೆ ಎಂಬ ಮಾತು ಯಾವ ಅತ್ತೆಗೂ ಬೇಡ. ಆದರೆ ನನ್ನ ಅತ್ತೆಯ ಹಟ ಅದಕ್ಕಿಂತ ಒಂದು ಕೈ ಮೇಲಿತ್ತು. ಅವರು ನೆಮ್ಮದಿಯಾಗಿ ಕೂತದ್ದನ್ನೇ ನಾನು ನೋಡಲಿಲ್ಲ. ಅಂಗೈಯನ್ನು ಗೋಡೆಯುದ್ದಕ್ಕೂ ಹಿಡಿದು ಎಲ್ಲಿ ತಣ್ಣಗಾಗುತ್ತದೆ ಎಂದು ಹುಡುಕುತ್ತಿದ್ದರು. ಬಾಗಿಲು ಸ್ವಲ್ಪ ತೆರೆದಿರಲಿ ಎಂದು ನಾನು ಕೇಳಿದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು.

"ಬ್ಯಾಡ ಕಣವ್ವ. ಗಾಳಿ ಬಿಟ್ರೆ ಏನಾಗತ್ತೆ ಅಂತ ನಂಗೊತ್ತು."

ಆ 'ನಂಗೊತ್ತು' ಕೇಳಿ ಕೇಳಿ ನನಗೆ ತಲೆ ಕೆಡುತ್ತಿತ್ತು. ದೊಡ್ಡವರಾದವರಿಗೆಲ್ಲ ಇರುವ ಗತ್ತು ಎಂದುಕೊಂಡು ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದೆ.

ಮೊದಮೊದಲು ಸುಖವಾಗಿಯೇ ಇತ್ತು. ಮೆಣಸಿನ ಸಾರು, ಬೆಳ್ಳುಳ್ಳಿ, ಎಣ್ಣೆ ನೀರು, ಮೈ ಒತ್ತುವುದು. ತೋಟದ ಆಳುಗಳ ಲೈನಿನಿಂದ ಮಗು ನೋಡಲು ಬಂದ ಹೆಂಗಸರು ಕೆಂಡದ ಕಾವಿಗೆ ಕೆಂಪೇರಿದ್ದ ನನ್ನ ಕೆನ್ನೆ ನೋಡಿ, ಬಾಣಂತನ ಅಂದರೆ ಹೀಗಿರಬೇಕು ಎಂದು ಅತ್ತೆಯನ್ನು ಹೊಗಳಿ ಹೋದರು. ಆಮೇಲೆ ತಲೆನೋವು ಶುರುವಾಯಿತು. ಹಣೆಗೆ ಹಗ್ಗ ಕಟ್ಟಿ ಬಿಗಿದಂಥ ನೋವು. ಹೊಟ್ಟೆ ತೊಳಸುತ್ತಿತ್ತು. ಎದ್ದು ನಿಂತರೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಸ್ನಾನಕ್ಕೆಂದು ಹಿತ್ತಲಿಗೆ ಕರೆದುಕೊಂಡು ಹೋದಾಗ ಒಂದಿಷ್ಟು ಹೊತ್ತು ಹಗುರವೆನಿಸುತ್ತಿತ್ತು. ಬಿಸಿನೀರಿನ ಗುಣ ಎಂದುಕೊಳ್ಳುತ್ತಿದ್ದೆವು. ತಿರುಗಿ ಕೋಣೆಗೆ ಬಂದರೆ ಮತ್ತೆ ಅದೇ ಕಥೆ.

ದೇಹದ ನೋವನ್ನು ಹೇಗೋ ತಡೆದುಕೊಳ್ಳಬಹುದು. ಮನಸ್ಸು ಕೈಬಿಟ್ಟದ್ದನ್ನು ಹೇಗೆ ಹೇಳಲಿ? ಕಾರಣವಿಲ್ಲದೆ ಅಳು ಬರುತ್ತಿತ್ತು. ಅಳು ನಿಂತರೆ ಏನೂ ಇರುತ್ತಿರಲಿಲ್ಲ, ದುಃಖವೂ ಇಲ್ಲ, ಸಂತೋಷವೂ ಇಲ್ಲ. ಹೇಳಬೇಕಾದ ಮಾತು ಅರ್ಧಕ್ಕೇ ಮರೆತುಹೋಗುತ್ತಿತ್ತು. ಮಗುವಿಗೆ ಹಾಲು ಕೊಟ್ಟೆನೋ ಇಲ್ಲವೋ ನೆನಪಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿದಾಗ ನಾನು ಅದರ ಮುಖವನ್ನೇ ನೋಡಿ, "ಇದು ಯಾರ ಕೂಸು?" ಎಂದು ಕೇಳಿಬಿಟ್ಟೆ. ತಮಾಷೆಗಲ್ಲ. ನನಗೆ ನಿಜವಾಗಿಯೂ ತಿಳಿಯಲಿಲ್ಲ.

ಅತ್ತೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಬಾಗಿಲ ಆಚೆ ಮಗನ ಹತ್ತಿರ ಹೇಳುತ್ತಿದ್ದ ಮಾತು ಕೇಳಿಸಿತು: "ಬಾಣಂತಿ ಸನ್ನಿ ಕಣಪ್ಪ. ಇನ್ನು ಕೂಸನ್ನ ಅವಳ ಕೈಗೆ ಕೊಡಕ್ಕಾಗಲ್ಲ."

ಸನ್ನಿ ಎಂದರೆ ಏನು ಎಂದು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸನ್ನಿ ಹಿಡಿದವಳನ್ನು ಕಂಬಕ್ಕೆ ಕಟ್ಟಿದ್ದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೆ. ಅಂಥವಳ ಮಗುವನ್ನು ಬೇರೆಯವರು ಸಾಕುತ್ತಾರೆ, ಅದು ಬೆಳೆದು ದೊಡ್ಡದಾಗಿ ಹೆತ್ತವಳನ್ನು ಕಂಡರೆ ಹೆದರಿ ಓಡುತ್ತದೆ. ತಲೆಯೊಳಗೆ ಎಷ್ಟೇ ಮಂಜು ಕವಿದಿದ್ದರೂ ಆ ಮಾತು ನೆಟ್ಟಗೆ ಬಂದು ನಾಟಿತು. ಬಾಗಿಲಿಗೆ ಹೋಗಿ "ಕೂಸು ಕೊಡಿ" ಎಂದು ಕೂಗಬೇಕು ಎನಿಸಿತು. ಏಳಲು ಆಗಲಿಲ್ಲ.

ತಿತಿಮತಿಯಿಂದ ನನ್ನ ನಾದಿನಿಯನ್ನು ಕರೆಸಿದರು. ಅವರು ಯಜಮಾನರ ಅಕ್ಕ. ಅವರಿಗೂ ಆಗ ಹಾಲು ಕುಡಿಯುವ ಮಗುವಿತ್ತು. ನನ್ನ ಮಗುವನ್ನು ಅವರು ಕರೆದುಕೊಂಡು ಹೋಗಿ ಸಾಕುವುದು, ನನ್ನನ್ನು ಅಪ್ಪನ ಮನೆಗೆ ಕಳಿಸುವುದು, ಅಲ್ಲಿಂದ ಮುಂದೆ ದೇವರು ಬುದ್ಧಿ ಕೊಟ್ಟ ಹಾಗೆ. ನಾದಿನಿ ಒಳ್ಳೆಯವರು. ನನ್ನ ತಲೆ ಸವರಿ, "ನನ್ ಮಗುಗಿಂತ ಹೆಚ್ಚಾಗಿ ನೋಡ್ಕೋತೀನಿ ಕಣೇ" ಎಂದರು. ಅವರ ಆ ಒಳ್ಳೆಯತನದಿಂದಲೇ ನನ್ನ ಎದೆ ಒಡೆಯಿತು. ಯಜಮಾನರು ಬಾಗಿಲ ಬಳಿ ನಿಂತು ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ತೋಟದಲ್ಲಿ ಆಳುಗಳ ಮೇಲೆ ಹುಲಿಯಂತೆ ಹಾರುತ್ತಿದ್ದ ಮನುಷ್ಯ, ನನ್ನ ಕಣ್ಣನ್ನು ಒಮ್ಮೆಯೂ ನೋಡಲಿಲ್ಲ.

ಕಳಿಸುವ ಮೊದಲು ಒಂದು ಪ್ರಯತ್ನ ನೋಡೋಣ ಎಂದು ಮಂತ್ರಿಸಿದ ನೂಲು ಕಟ್ಟುವ ಒಬ್ಬ ಮುದುಕರನ್ನು ಕರೆತಂದರು. ನಾಲ್ಕು ಭಾಷೆ ಕಲೆಸಿ ಮಾತಾಡುತ್ತಿದ್ದ ಸಾಧು ಸ್ವಭಾವದವರು. "ಪೇಡಿಕ್ಕ ಬೇಡ ಅಮ್ಮಾ, ಭಯ ಬೇಡ, ಎಲ್ಲಾ ಶರಿ ಆಗ್ತದೆ," ಎಂದು ನನ್ನ ಕೈ ಹಿಡಿದರು. ಸಂಜೆಯ ಹೊತ್ತು. ಮಗುವನ್ನು ನನ್ನ ಪಕ್ಕ ಮಲಗಿಸಿದರು. ತಾಯಿಗೂ ಮಗುವಿಗೂ ಒಟ್ಟಿಗೇ ಆಗಬೇಕಂತೆ. ಅತ್ತೆ, ನಾದಿನಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತರು. ಬಾಗಿಲು ಮುಚ್ಚಿತು. ಅಗ್ಗಿಷ್ಟಿಕೆಗೆ ಹೊಸ ಕೆಂಡ ಸುರಿದು, ಅದರ ಮೇಲೆ ಸಾಸಿವೆ, ಒಣಮೆಣಸಿನಕಾಯಿ, ಬೇವಿನ ಸೊಪ್ಪು, ಹಿಡಿ ಸಾಂಬ್ರಾಣಿ. ಹೊಗೆ ಮುಚ್ಚಿಗೆಗೆ ತಾಗಿ, ಅಲ್ಲಿ ದಾರಿ ಕಾಣದೆ ನಮ್ಮ ಮೇಲೇ ಇಳಿಯಿತು. ಎಲ್ಲರೂ ಕೆಮ್ಮಿದರು. ಮುದುಕರು ಕೆಮ್ಮುತ್ತಲೇ ಮಂತ್ರ ಹೇಳುತ್ತಿದ್ದರು. ಮಗುವೂ ಮೊದಲು ಕೆಮ್ಮಿತು, ಕಿರುಚಿತು, ಆಮೇಲೆ ಸುಮ್ಮನಾಯಿತು.

ಆ ಸುಮ್ಮನಾದದ್ದು ನನಗೆ ಕೇಳಿಸಿತು. ಉಳಿದವರಿಗೆ ಅದು ನಿದ್ದೆ. ನಾನು ಮಗುವಿನ ಕೈ ಎತ್ತಿ ನೋಡಿದೆ, ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಆಗ ಎಲ್ಲಿಂದ ಶಕ್ತಿ ಬಂತೋ ತಿಳಿಯದು. ಮಗುವನ್ನು ಎದೆಗೆ ಅವುಚಿಕೊಂಡು ಎದ್ದೆ. ಬಾಗಿಲಿಗೆ ಅಡ್ಡಲಾಗಿ ಅವರೆಲ್ಲ ಕೂತಿದ್ದರು. ಕಿಟಕಿಯ ಕಂಬಳಿ ಕಿತ್ತೆಸೆದು, ಚಿಲಕ ಎಳೆದೆ, ಸಗಣಿ ಕಲ್ಲಾಗಿತ್ತು. ಕೈಗೆ ಸಿಕ್ಕ ಹಿತ್ತಾಳೆಯ ಚೊಂಬಿನಿಂದ ನನ್ನ ಪ್ರೀತಿಯ ಗಾಜಿಗೆ ಬಲವಾಗಿ ಹೊಡೆದೆ. ಗಾಜು ಹೊರಗಡೆಗೆ ಬಿತ್ತು. ಹೊಗೆ ನನ್ನ ತಲೆಯ ಮೇಲಿಂದ ಹೊರಟಿತು, ಚಳಿ ಒಳಗೆ ಬಂತು. ಮಗುವಿನ ಮುಖವನ್ನು ಆ ತೂತಿಗೆ ಹಿಡಿದು ನಿಂತೆ. ಎಷ್ಟು ಹೊತ್ತೋ. ಕೊನೆಗೆ ಅದು ಒಮ್ಮೆ ಬಿಕ್ಕಿ, ಊರಿಗೇ ಕೇಳುವಂತೆ ಅತ್ತಿತು.

ಹಿಂದೆ ಅತ್ತೆಯೂ ಕಿರುಚುತ್ತಿದ್ದರು. "ಗಾಳಿ! ಕೂಸಿಗೆ ಗಾಳಿ! ಕಿತ್ಕೊಳ್ರೋ ಅವಳ ಕೈಯಿಂದ!"

ಕಿತ್ತುಕೊಂಡರು. ಚೊಂಬಿನಿಂದ ಗಾಜು ಒಡೆದು, ಹಸುಗೂಸನ್ನು ಧನುರ್ಮಾಸದ ಚಳಿಗೆ ಹಿಡಿದವಳಿಗೆ ಹುಚ್ಚಲ್ಲದೆ ಇನ್ನೇನು? ನಾಳೆಯ ಬಸ್ಸಿಗೇ ಹೊರಡುವುದು ಎಂದು ನಾದಿನಿ ಗಂಟು ಕಟ್ಟಿದರು. ಮುದುಕರು ಮಾತ್ರ ಕಣ್ಣೊರೆಸಿಕೊಳ್ಳುತ್ತ ನನ್ನ ತೋಳಿಗೆ ನೂಲು ಕಟ್ಟಿ, ಮೈಮೇಲೆ ಬಂದದ್ದು ಕಿಟಕಿ ಒಡೆದುಕೊಂಡು ಹೋಯಿತು ಎಂದು ಹೇಳಿ ಹೊರಟರು. ಅವರ ಆ ಮಾತೇ ನನಗೆ ಒಂದು ದಿನ ಕೊಡಿಸಿತು. ಹೋಗಿದೆಯೋ ಇಲ್ಲವೋ ಬೆಳಗ್ಗೆ ನೋಡೋಣ ಎಂದರು ಯಜಮಾನರು.

ಬೆಳಗ್ಗೆ ಎಚ್ಚರವಾದಾಗ ಹಣೆಯ ಮೇಲೆ ಆ ಹಗ್ಗ ಇರಲಿಲ್ಲ. ಒಡೆದ ಗಾಜಿನಿಂದ ಮಂಜಿನ ಜೊತೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹುಳಿ ವಾಸನೆ ಬರುತ್ತಿತ್ತು. ಮೊದಲು ಆ ವಾಸನೆಗೆ ಸೆರಗು ಮುಚ್ಚಿಕೊಳ್ಳುತ್ತಿದ್ದವಳು ಅವತ್ತು ಎಳೆದು ಎಳೆದು ಕುಡಿದೆ. ಹಸಿವಾಗಿತ್ತು. ಅತ್ತೆ ಗಂಜಿ ತಂದಾಗ, "ಅತ್ತೆ, ನನ್ನ ಮಗಳು ಎಲ್ಲಿ? ಅವಳಿಗೂ ಹಸಿವಾಗಿರುತ್ತೆ," ಎಂದೆ. ಅವರು ಬಟ್ಟಲನ್ನು ಕೆಳಗಿಟ್ಟರು. ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಹೋಗಿ ಮಗುವನ್ನು ತಂದು, ಕೊಟ್ಟೂ ಕೊಡದ ಹಾಗೆ ಒಂದು ಕೈ ಕೆಳಗೆ ಹಿಡಿದೇ, ನನ್ನ ಮಡಿಲಲ್ಲಿಟ್ಟರು. ನಾದಿನಿಯ ಬಸ್ಸು ಆ ದಿನ ಅವರನ್ನು ಬಿಟ್ಟು ಹೋಯಿತು.

ಅಷ್ಟು ದೊಡ್ಡ ಗಾಜು ಮಡಿಕೇರಿಯಲ್ಲೂ ಸಿಗಲಿಲ್ಲ, ಮೈಸೂರಿನಿಂದ ಬರಬೇಕು ಎಂದರು. ಅತ್ತೆ ತೂತಿಗೆ ಕಂಬಳಿ ಇಳಿಬಿಟ್ಟರು. ಅದು ಅಲ್ಲಾಡಿ ಗಾಳಿ ಬಂದೇ ಬರುತ್ತಿತ್ತು. ನಾನು ದಿನದಿಂದ ದಿನಕ್ಕೆ ಸುಧಾರಿಸಿದೆ. ಮಗುವೂ ಚೆನ್ನಾಗಿ ಹಾಲು ಕುಡಿಯತೊಡಗಿತು. ಹೊಗಳಿಕೆಯೆಲ್ಲ ತೋಳಿನ ನೂಲಿಗೆ ಹೋಯಿತು. ನನಗೂ ನಂಬಿಕೆ ಬರುವುದರಲ್ಲಿತ್ತು. ಅಷ್ಟರಲ್ಲಿ ಯಜಮಾನರು ತಾಯಿಯ ಕಾಟ ತಾಳಲಾರದೆ, ಕಿಟಕಿಗೆ ತಗಡು ಹೊಡೆಸಿದರು. ಅಂದೇ ಸಂಜೆ ಹಣೆಯ ಹಗ್ಗ ಮರಳಿ ಬಂತು. ನೂಲು ಕಟ್ಟಿದಲ್ಲೇ ಇತ್ತು.

ನಾನು ಅಗ್ಗಿಷ್ಟಿಕೆಯನ್ನು ನೋಡಿದೆ, ತಗಡನ್ನು ನೋಡಿದೆ. ಹಿತ್ತಲಿಗೆ ಹೋದಾಗ ಹಗುರವಾಗುತ್ತಿದ್ದದ್ದು, ಗಾಜು ಒಡೆದ ಮೇಲೆ ಸರಿಹೋದದ್ದು, ಇವತ್ತು ಮತ್ತೆ ಕೆಟ್ಟದ್ದು, ಎಲ್ಲ ಕೂಡಿಸಿ ನೋಡಿದೆ. ಕೆಂಡದಿಂದ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷ ಏಳುತ್ತದೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ನನಗೆ ಗೊತ್ತಿದ್ದದ್ದು ನನ್ನ ತಲೆ ಯಾವಾಗ ನೋಯುತ್ತದೆ, ಯಾವಾಗ ಬಿಡುತ್ತದೆ ಎಂಬುದು ಮಾತ್ರ. ನನ್ನ ಕಣ್ಣೀರೆಲ್ಲ ಹೊಗೆಯಿಂದಲೇ ಬಂತು ಎಂದು ಈಗಲೂ ಹೇಳಲಾರೆ. ಅವ್ವನಿಲ್ಲದ ಬಾಣಂತನಕ್ಕೆ ತನ್ನದೇ ದುಃಖವಿತ್ತು. ಆದರೆ ಆ ದುಃಖವನ್ನು ಹೊರಲು ಬೇಕಾದ ಉಸಿರನ್ನು ಆ ಕೋಣೆ ಕಿತ್ತುಕೊಂಡಿತ್ತು.

ಮರುದಿನ ಬೆಳಗ್ಗೆ ತಗಡಿನ ಮೊಳೆ ಕೀಳುತ್ತಿದ್ದಾಗ ಅತ್ತೆಯ ಕೈಗೆ ಸಿಕ್ಕಿಬಿದ್ದೆ.

"ಮತ್ತೆ ಶುರುವಾಯ್ತೇನವ್ವ?" ಎಂದರು.

"ಇಲ್ಲ ಅತ್ತೆ. ನನಗೆ ಏನೂ ಹಿಡಿದಿರಲಿಲ್ಲ. ಈ ಕೆಂಡದ ಹೊಗೆ ಹಿಡಿದಿತ್ತು. ನೀವೇ ನೋಡಿದ್ದೀರಲ್ಲ, ಕಿಟಕಿ ತೆರೆದಿದ್ದಷ್ಟು ದಿನ ನಾನೂ ಚೆನ್ನಾಗಿದ್ದೆ, ಕೂಸೂ ಚೆನ್ನಾಗಿತ್ತು."

"ಗಾಳಿ ಬಿಟ್ರೆ ಕೂಸು ಉಳಿಯಲ್ಲ. ನಂಗೊತ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಏನ್ ಗೊತ್ತು ಅತ್ತೆ ನಿಮಗೆ? ಬಂದಾಗಿಂದ ಅದನ್ನೇ ಹೇಳ್ತೀರಿ. ಏನ್ ಗೊತ್ತು?"

ಅತ್ತೆ ಗೋಡೆಯೊಲೆಯ ಕಟ್ಟೆಯ ಮೇಲೆ ಕುಸಿದು ಕೂತರು. ನನ್ನ ನಾದಿನಿಗಿಂತ ಮೊದಲು ಅವರಿಗೊಂದು ಗಂಡು ಕೂಸು ಹುಟ್ಟಿತ್ತಂತೆ, ತವರಿನಲ್ಲಿ. ಅಲ್ಲೂ ಹೊಸದಾಗಿ ಮುಚ್ಚಿಗೆ ಹಾಕಿದ ಕೋಣೆ, ಅಗ್ಗಿಷ್ಟಿಕೆ. ತಲೆ ಸಿಡಿಯುತ್ತಿತ್ತಂತೆ. ಗೋಡೆಗಳು ಮೈಮೇಲೆ ಬರುತ್ತಿವೆ ಎನಿಸುತ್ತಿತ್ತಂತೆ. ಒಂದು ದಿನ ತಾಳಲಾರದೆ, ಯಾರೂ ಇಲ್ಲದಾಗ ಎದ್ದು ಕಿಟಕಿಯ ಬಾಗಿಲನ್ನು ಒಂದಿಷ್ಟು ಸರಿಸಿ ಅದಕ್ಕೆ ಮುಖ ಕೊಟ್ಟು ನಿಂತರಂತೆ. ತಿರುಗಿ ಬಂದು ನೋಡಿದರೆ ಕೂಸು ಮಲಗಿದಲ್ಲೇ ಹೋಗಿತ್ತು.

"ಕಿಟಕಿ ತೆಗ್ದು ಮಗನ್ನ ಗಾಳಿಗೆ ಕೊಟ್ಳು ಅಂದ್ರು. ನಮ್ಮವ್ವನೂ ಅಂದ್ಲು. ಹೌದು, ನಾನೇ ತೆಗ್ದಿದ್ದೆ. ನಿನ್ ಗಂಡ, ಅವನಕ್ಕ ಇಬ್ರೂ ಆಮೇಲೆ ನಮ್ಮ ಹುಲ್ಲಿನ ಮನೇಲಿ ಹುಟ್ಟಿದ್ರು. ಅಲ್ಲಿ ಕಿಟಕೀನೇ ಇರ್ಲಿಲ್ಲ. ಅದ್ಕೇ ಉಳುದ್ರು ಅಂದ್ಕಂಡಿದ್ದೆ."

ನಾನು ನೆಲದ ಮೇಲೆ ಅವರ ಕಾಲ ಬಳಿ ಕೂತೆ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮೆಲ್ಲಗೆ ಹೇಳಿದೆ: "ಹುಲ್ಲಿನ ಮಾಡಲ್ಲಿ ಹೊಗೆ ನಿಲ್ಲಲ್ಲ ಅತ್ತೆ. ತಾನೇ ದಾರಿ ಮಾಡಿಕೊಂಡು ಹೋಗುತ್ತೆ."

ಅತ್ತೆಯ ಕಣ್ಣು ಮಗುವಿನ ಮೇಲಿತ್ತು. ಒಡೆದ ಕಿಟಕಿಯ ಕೆಳಗೆ ಅಷ್ಟು ದಿನ ಮಲಗಿಯೂ ಕೈಕಾಲು ಆಡಿಸುತ್ತಿದ್ದ ಮಗು. ಆಮೇಲೆ ಅವರು ಎದ್ದು, ಗೋಡೆಯೊಲೆಯೊಳಗೆ ಬಗ್ಗಿ, ತಾವೇ ಗಿಡಿದಿದ್ದ ಗೋಣಿಯ ತುದಿ ಹಿಡಿದು ಎಳೆದರು. ಒಂದು ಬಂತು, ಎರಡನೆಯದು ಬಂತು. ಕೊನೆಯದರ ಜೊತೆ ಚಿಕ್ಕ ದೊರೆಯ ಕಾಲದ ಮಸಿಯೆಲ್ಲ ಅವರ ತಲೆಯ ಮೇಲೆ ಸುರಿಯಿತು. ಆ ಕರಿ ಮುಖದಲ್ಲಿ ಕಣ್ಣೀರು ಎರಡು ದಾರಿ ಮಾಡಿಕೊಂಡು ಇಳಿಯುತ್ತಿತ್ತು.

"ಹಂಗಾರೆ ಅವತ್ತು ನಾನು ತೆಗ್ದಿದ್ದು ತಪ್ಪಲ್ವೇನವ್ವ?"

ಇನ್ನೂ ಮೊದಲೇ ತೆಗೆದಿದ್ದರೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ.

"ತಪ್ಪಲ್ಲ ಅತ್ತೆ. ಆ ಮನೇಲಿ ಸರಿಯಾದ ಕೆಲಸ ಮಾಡಿದವರು ನೀವೊಬ್ಬರೇ."

ಅವರು ಗಟ್ಟಿಯಾಗಿ ಅತ್ತರು. ಅಳುವಿನ ಸದ್ದಿಗೆ ನಾದಿನಿ, ಯಜಮಾನರು ಓಡಿ ಬಂದು ಬಾಗಿಲಲ್ಲೇ ನಿಂತರು. ಅತ್ತೆ ಯಾರ ಕಡೆಗೂ ನೋಡಲಿಲ್ಲ. ಮಸಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಮಗುವನ್ನು ಎತ್ತಿಕೊಂಡರು. ಮೊಳೆ ಕಿತ್ತು ಜೋತುಬಿದ್ದಿದ್ದ ತಗಡನ್ನು ಮೊಣಕೈಯಿಂದ ಸರಿಸಿ ಕಿಟಕಿಯ ಮುಂದೆ ನಿಂತರು. ಹೊರಗೆ ಮಂಜು ಏಳುತ್ತಿತ್ತು. ಮಗುವಿನ ತಲೆಗೆ ಕಿವಿ ಮುಚ್ಚುವಂತೆ ಸುತ್ತಿದ್ದ ಬಟ್ಟೆಯನ್ನು ತಾವೇ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು.